ಆಟ ಆಡಿಸುವ ಹಲಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರೈಜನ್ 5 7600 ಪ್ರೊಸೆಸರ್ ಕೇಳಿದರೆ ಯಾವ ಅಂಗಡಿಯಲ್ಲೂ ಅದೇ ವಸ್ತು ಕೈಗೆ ಬರುತ್ತದೆ, ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಕೂರಿಸಲು ಮದರ್‌ಬೋರ್ಡ್ ಕೊಡಿ ಎಂದರೆ ಲೆಕ್ಕ ಬದಲಾಗುತ್ತದೆ. ಎಂಟು-ಹತ್ತು ಸಾವಿರದ ಬೋರ್ಡೂ ಇದೆ, ಐವತ್ತು ಸಾವಿರ ದಾಟಿದ್ದೂ ಇದೆ. ಎರಡರಲ್ಲೂ ಅದೇ ಪ್ರೊಸೆಸರ್ ಕೂರುತ್ತದೆ, ಅದೇ ಗ್ರಾಫಿಕ್ಸ್ ಕಾರ್ಡ್ ಹಿಡಿಸುತ್ತದೆ. ಅಗ್ಗದ ಬೋರ್ಡಿನಲ್ಲಿ ಸೆಕೆಂಡಿಗೆ ನೂರು ಫ್ರೇಮ್ ಕೊಡುವ ಆಟ ದುಬಾರಿ ಬೋರ್ಡಿನಲ್ಲಿ ಕೊಡುವುದೂ ನೂರರ ಆಸುಪಾಸಿನಲ್ಲೇ.

ಹಾಗಾದರೆ ಆ ನಲವತ್ತು ಸಾವಿರ ಎಲ್ಲಿಗೆ ಹೋಯಿತು? ಮೋಸವೇನೂ ಆಗಿಲ್ಲ. ಮದರ್‌ಬೋರ್ಡು ಲೆಕ್ಕ ಮಾಡುವುದಿಲ್ಲ, ಚಿತ್ರ ಬಿಡಿಸುವುದಿಲ್ಲ. ಅದರ ಕೆಲಸ ಎರಡೇ: ಚಿಪ್‌ಗಳಿಗೆ ಹದವಾದ ವಿದ್ಯುತ್ ಉಣಿಸುವುದು, ಅವುಗಳ ನಡುವಿನ ಸಂಕೇತಗಳನ್ನು ಕೆಡದಂತೆ ಸಾಗಿಸುವುದು. ಈ ಎರಡು ಕೆಲಸಗಳಲ್ಲಿ ಒಂದು ಮಟ್ಟದವರೆಗೆ ಹಾಕಿದ ದುಡ್ಡು ಆಟಕ್ಕೆ ಸಲ್ಲುತ್ತದೆ. ಆಮೇಲೆ ಹಾಕಿದ್ದು ಆಟಕ್ಕೆ ಬೇಕಿಲ್ಲದ ಸೌಕರ್ಯಗಳಿಗೆ ಸಲ್ಲುತ್ತದೆ. ಆ ಗೆರೆ ಎಲ್ಲಿದೆ ಎಂದು ಗುರುತಿಸಬೇಕಾದರೆ ಹಲಗೆಯೊಳಗಿನ ಭೌತವಿಜ್ಞಾನವನ್ನು ಸ್ವಲ್ಪ ನೋಡಬೇಕು.

ಮೊದಲು ಸಾಕೆಟ್

ಬೋರ್ಡಿನ ಆಯ್ಕೆ ಪ್ರೊಸೆಸರಿನಿಂದಲೇ ಶುರುವಾಗುತ್ತದೆ, ಏಕೆಂದರೆ ಸಾಕೆಟ್ ಹೊಂದದಿದ್ದರೆ ಉಳಿದ ಮಾತೇ ಇಲ್ಲ. ಎಎಂಡಿಯ ಎಎಂ5 ಸಾಕೆಟ್ 2022ರ ಸೆಪ್ಟೆಂಬರಿನಲ್ಲಿ ರೈಜನ್ 7000 ಸರಣಿಯ ಜೊತೆ ಬಂತು. ಅದರಲ್ಲಿ 1718 ಸಣ್ಣ ಪಿನ್ನುಗಳಿವೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 2021ರ ನವೆಂಬರಿನಲ್ಲಿ ಬಂದು 12, 13, 14ನೇ ತಲೆಮಾರುಗಳನ್ನು ಹೊತ್ತಿತು. 2024ರ ಅಕ್ಟೋಬರಿನಲ್ಲಿ ಕೋರ್ ಅಲ್ಟ್ರಾ 200 ಸರಣಿ ಬಂದಾಗ ಅದರ ಜಾಗಕ್ಕೆ ಎಲ್‌ಜಿಎ 1851 ಬಂತು.

ಸಾಕೆಟ್ಟಿನ ಆಯಸ್ಸು ಎಷ್ಟು ಎಂಬುದು ಬೆಲೆಯಷ್ಟೇ ಮುಖ್ಯ. 2017ರಲ್ಲಿ ಮೊದಲ ರೈಜನ್‌ಗಾಗಿ ಎಎಂ4 ಬೋರ್ಡ್ ಕೊಂಡವರಲ್ಲಿ ಅನೇಕರು ಐದು ವರ್ಷ ಕಳೆದ ಮೇಲೆ, 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯನ್ನು ಅದೇ ಬೋರ್ಡಿಗೆ ಹಾಕಿಕೊಂಡರು. ಬೋರ್ಡಿನೊಳಗಿನ ತಂತ್ರಾಂಶವಾದ ಬಯೋಸ್ ಹೊಸದು ಮಾಡಿಕೊಂಡರೆ ಸಾಕಿತ್ತು. ಅದೇ ಕಾಲದಲ್ಲಿ ಇಂಟೆಲ್ ಕೊಂಡವರ ಕತೆ ಬೇರೆ. 2017ರಲ್ಲಿ 8ನೇ ತಲೆಮಾರು ಬಂದಾಗ ಸಾಕೆಟ್ಟಿನ ಹೆಸರು ಹಿಂದಿನಂತೆ ಎಲ್‌ಜಿಎ 1151 ಎಂದೇ ಇತ್ತು, ಆಕಾರವೂ ಅದೇ. ಆದರೂ ಹಳೆಯ 100 ಮತ್ತು 200 ಸರಣಿಯ ಬೋರ್ಡುಗಳಲ್ಲಿ ಹೊಸ ಪ್ರೊಸೆಸರಿಗೆ ಅಧಿಕೃತವಾಗಿ ಜಾಗವಿರಲಿಲ್ಲ, 300 ಸರಣಿಯ ಹೊಸ ಬೋರ್ಡೇ ಬೇಕಾಯಿತು. ಕೂರುತ್ತದೆ ಎಂದ ಮಾತ್ರಕ್ಕೆ ಓಡುತ್ತದೆ ಎನ್ನುವಂತಿಲ್ಲ. ಅದಕ್ಕೇ ಕೊಳ್ಳುವ ಮುನ್ನ ತಯಾರಕರ ಜಾಲತಾಣದಲ್ಲಿ ಆ ಬೋರ್ಡಿಗೆ ಒಪ್ಪುವ ಪ್ರೊಸೆಸರುಗಳ ಪಟ್ಟಿಯನ್ನೂ, ಪ್ರತಿ ಪ್ರೊಸೆಸರಿನ ಎದುರು ಬರೆದ ಬಯೋಸ್ ಆವೃತ್ತಿಯನ್ನೂ ನೋಡಿಕೊಳ್ಳಬೇಕು.

ಹನ್ನೆರಡು ವೋಲ್ಟಿನಿಂದ ಒಂದಕ್ಕೆ

ಹಲಗೆಯ ಮೇಲಿನ ಅತಿ ಕಷ್ಟದ ಕೆಲಸ ಸಾಕೆಟ್ಟಿನ ಪಕ್ಕದಲ್ಲೇ, ದಪ್ಪ ಅಲ್ಯುಮಿನಿಯಂ ತುಂಡುಗಳ ಕೆಳಗೆ ನಡೆಯುತ್ತದೆ. ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರಿನ ಟ್ರಾನ್ಸಿಸ್ಟರುಗಳು ತಾಳಿಕೊಳ್ಳುವುದು ಒಂದು ವೋಲ್ಟಿನ ಆಚೀಚೆ. ರೈಜನ್ 5 7600 ಪೂರ್ಣ ದುಡಿಮೆಯಲ್ಲಿ 88 ವ್ಯಾಟ್ ವರೆಗೆ ಎಳೆಯಬಹುದು. 12 ವೋಲ್ಟಿನಲ್ಲಿ ಇದು ಬರೀ ಏಳೂವರೆ ಆಂಪಿಯರ್ ಒಳಗೆ. 1.1 ವೋಲ್ಟಿಗೆ ಇಳಿಸಿದ ಮೇಲೆ ಅಷ್ಟೇ ಶಕ್ತಿ ಸಾಗಿಸಲು ಸುಮಾರು 80 ಆಂಪಿಯರ್ ಹರಿಯಬೇಕು. ತಂತಿಯಲ್ಲಿ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪ್ರವಾಹ ಹನ್ನೊಂದು ಪಟ್ಟಾದರೆ ಅದೇ ತಾಮ್ರದಲ್ಲಿ ಬಿಸಿ ಸುಮಾರು 120 ಪಟ್ಟು. ಪವರ್ ಸಪ್ಲೈಯಿಂದಲೇ ಒಂದು ವೋಲ್ಟನ್ನು ತಂತಿಯಲ್ಲಿ ತರದೆ, ಪ್ರೊಸೆಸರಿನ ಮಗ್ಗುಲಿಗೆ ಬಂದ ಮೇಲೆ ಇಳಿಸುವುದು ಇದೇ ಕಾರಣಕ್ಕೆ.

ಇಳಿಸುವ ಈ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ಅದರ ತಂತ್ರ ಸರಳ. ಮಾಸ್ಫೆಟ್ ಎಂಬ ಸ್ವಿಚ್ಚು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ತೆರೆದು ಮುಚ್ಚಿ 12 ವೋಲ್ಟನ್ನು ತುಂಡುತುಂಡಾಗಿ ಒಳಗೆ ಬಿಡುತ್ತದೆ. ಪ್ರತಿ ಸುತ್ತಿನ ಹನ್ನೊಂದರಲ್ಲಿ ಒಂದು ಭಾಗದಷ್ಟು ಕಾಲ ಮಾತ್ರ ಸ್ವಿಚ್ಚು ತೆರೆದಿದ್ದರೆ ಸರಾಸರಿ 1.1 ವೋಲ್ಟ್ ಆಗುತ್ತದೆ. ತಾಮ್ರದ ಸುರುಳಿಯಿರುವ ಚೋಕು ಪ್ರವಾಹದ ಏರಿಳಿತವನ್ನು ತಡೆದು ಹಿಡಿಯುತ್ತದೆ, ಕೆಪಾಸಿಟರು ಉಳಿದ ಅಲೆಯನ್ನು ನುಂಗುತ್ತದೆ. ಒಂದೇ ಸ್ವಿಚ್ಚಿಗೆ 80 ಆಂಪಿಯರ್ ಹೊರಿಸಿದರೆ ಅದು ಬೆಂದುಹೋದೀತು. ಆದ್ದರಿಂದ ಇಂಥ ಹಲವು ಜೋಡಣೆಗಳನ್ನು ಸಾಲಾಗಿ ಇಡುತ್ತಾರೆ. ಇವೇ ಫೇಸ್‌ಗಳು. ಒಂದೇ ಬಾವಿಗೆ ನಾಲ್ಕಾರು ಜನ ಕೊಡ ಇಳಿಸಿ ಸರದಿಯಂತೆ ಸೇದಿದರೆ ತೊಟ್ಟಿಗೆ ನೀರು ಬಿಡುವಿಲ್ಲದೆ ಬೀಳುತ್ತದೆ, ಯಾರ ತೋಳೂ ಸೋಲುವುದಿಲ್ಲ. ಫೇಸ್‌ಗಳೂ ಹಾಗೆಯೇ ಒಂದಾದ ಮೇಲೊಂದು ದುಡಿಯುತ್ತವೆ. ಬಿಸಿ ಹಂಚಿಹೋಗುತ್ತದೆ, ವೋಲ್ಟೇಜ್ ನಡುಗುವುದೂ ಕಡಿಮೆಯಾಗುತ್ತದೆ.

ಬಾಕ್ಸಿನ ಮೇಲೆ 14+2+1 ಎಂದು ಬರೆದಿರುವುದರ ಅರ್ಥ ಇದೇ. ಮೊದಲ ಅಂಕಿ ಪ್ರೊಸೆಸರಿನ ಕೋರುಗಳಿಗೆ, ಉಳಿದವು ಅದರೊಳಗಿನ ಬೇರೆ ಭಾಗಗಳಿಗೆ. ಆದರೆ ಅಂಕಿ ದೊಡ್ಡದಾದ ಮಾತ್ರಕ್ಕೆ ಬೋರ್ಡು ಗಟ್ಟಿ ಎನ್ನಲಾಗದು. ನಿಯಂತ್ರಕ ಚಿಪ್ಪಿನ ಒಂದೇ ಸಂಕೇತಕ್ಕೆ ಎರಡು ಜೋಡಣೆ ಕಟ್ಟಿ ಫೇಸ್ ಎರಡು ಎಂದು ಎಣಿಸುವುದುಂಟು. ಪ್ರತಿ ಜೋಡಣೆ ಎಷ್ಟು ಆಂಪಿಯರ್ ಹೊರುತ್ತದೆ ಎಂಬುದೂ ಅಷ್ಟೇ ಮುಖ್ಯ. ತಲಾ 50 ಆಂಪಿಯರಿನ ಆರು ಫೇಸ್ ಇದ್ದರೆ ನಮ್ಮ 80 ಆಂಪಿಯರಿನ ಹೊರೆಯಲ್ಲಿ ಒಂದೊಂದಕ್ಕೂ ಬರುವುದು ಹದಿನಾಲ್ಕರ ಒಳಗೆ. ಆರು ಕೋರಿನ ಆಟದ ಯಂತ್ರಕ್ಕೆ ಅಷ್ಟು ಬೇಕಾದಷ್ಟಾಯಿತು. ಆಟಗಾರರು ಮೆಚ್ಚುವ ರೈಜನ್ 7 7800ಎಕ್ಸ್3ಡಿಗೂ ಇದಕ್ಕಿಂತ ಬಹಳ ಹೆಚ್ಚೇನೂ ಬೇಡ. ಅದರ 96 ಮೆಗಾಬೈಟಿನ ಎಲ್3 ಕ್ಯಾಶೆ ಆಟಕ್ಕೆ ಬೇಕಾದ ಮಾಹಿತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವುದರಿಂದ ಮಿತವಾದ ವಿದ್ಯುತ್ತಿನಲ್ಲೇ ವೇಗ ಸಿಗುತ್ತದೆ. 253 ವ್ಯಾಟ್ ವರೆಗೆ ಎಳೆಯುವ ಕೋರ್ ಐ9-14900ಕೆಗಾದರೆ ಮಾತು ಬೇರೆ. ಅಲ್ಲಿ ಪ್ರವಾಹ 200 ಆಂಪಿಯರಿನ ಹತ್ತಿರ ಹೋಗುತ್ತದೆ, ಬಡಕಲು ವಿಆರ್‌ಎಂ ಕಾದುಹೋಗಿ ಪ್ರೊಸೆಸರಿನ ವೇಗವನ್ನೇ ತಗ್ಗಿಸುತ್ತದೆ. ಅಗ್ಗದ ಬೋರ್ಡು ಆಟದ ಫ್ರೇಮ್ ತಿನ್ನುವುದು ನಿಜವಾಗಿ ಇಂಥ ಕಡೆ.

ನಮ್ಮ ಕಡೆಯವರು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. ಬೋರ್ಡುಗಳ ತಾಪಮಾನವನ್ನು ವಿಮರ್ಶಕರು ಅಳೆಯುವುದು ಸಾಮಾನ್ಯವಾಗಿ 20-25 ಡಿಗ್ರಿಯ ತಂಪು ಕೋಣೆಯಲ್ಲಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆ 40 ಡಿಗ್ರಿ ಮುಟ್ಟಿದರೆ ವಿಆರ್‌ಎಂ ತಾಪವೂ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಅಲ್ಲಿ 75 ಡಿಗ್ರಿ ತೋರಿಸಿದ್ದು ಇಲ್ಲಿ 90 ದಾಟೀತು. ಮಾಸ್ಫೆಟ್ ಅದನ್ನು ತಡೆದುಕೊಂಡರೂ ಕೆಪಾಸಿಟರಿನ ಆಯಸ್ಸು ಸವೆಯುತ್ತದೆ. ಈಗ ಬಳಕೆಯಲ್ಲಿರುವ ಪಾಲಿಮರ್ ಕೆಪಾಸಿಟರುಗಳಲ್ಲಿ 20 ಡಿಗ್ರಿ ತಗ್ಗಿದರೆ ಆಯಸ್ಸು ಹತ್ತು ಪಟ್ಟು ಎಂಬುದು ಎಂಜಿನಿಯರುಗಳ ಲೆಕ್ಕ. ವಿಆರ್‌ಎಂ ಮೇಲೆ ಬರೀ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಇಲ್ಲದೆ, ಗಾಳಿ ಆಡುವಂತೆ ಸೀಳುಗಳಿರುವ ನಿಜವಾದ ಲೋಹದ ಹೀಟ್‌ಸಿಂಕ್ ಇದೆಯೇ ಎಂದು ನೋಡಿ ಕೊಳ್ಳುವುದು ಇದಕ್ಕೇ.

ದಾರಿಯಲ್ಲಿರುವ ಬಿಟ್‌ಗಳು

ಎರಡನೆಯ ಕೆಲಸ ಸಂಕೇತ ಸಾಗಿಸುವುದು. ಬೋರ್ಡಿನ ನಾರುಗಾಜಿನ ಪದರಗಳ ನಡುವಿನ ತಾಮ್ರದ ಗೆರೆಗಳಲ್ಲಿ ಸಂಕೇತ ಬೆಳಕಿನ ಅರ್ಧ ವೇಗದಲ್ಲಿ, ಅಂದರೆ ಒಂದು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಸಾಗುತ್ತದೆ. ಇದು ಬಹಳವಾಯಿತು ಅನಿಸಬಹುದು. ಆದರೆ ಡಿಡಿಆರ್5-6000 ರ‍್ಯಾಮ್ ಒಂದೊಂದು ತಂತಿಯಲ್ಲೂ ಸೆಕೆಂಡಿಗೆ 600 ಕೋಟಿ ಬಿಟ್ ದಾಟಿಸುತ್ತದೆ. ಒಂದು ಬಿಟ್ಟಿಗೆ ಸಿಗುವ ಕಾಲದಲ್ಲಿ ಸಂಕೇತ ಹೋಗುವುದು ಎರಡೂವರೆ ಸೆಂಟಿಮೀಟರ್ ಮಾತ್ರ. ಅಂದರೆ ಮೊದಲು ಹೊರಟ ಬಿಟ್ಟು ಪ್ರೊಸೆಸರಿಗೆ ಮುಟ್ಟುವ ಮುನ್ನವೇ ಹಿಂದಿನಿಂದ ಇನ್ನೆರಡು ಬಿಟ್ಟುಗಳು ಅದೇ ಗೆರೆಯಲ್ಲಿ ನಡೆದಿರುತ್ತವೆ. ಪಕ್ಕಪಕ್ಕದ ಗೆರೆಗಳ ಉದ್ದದಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೂ ಒಟ್ಟಿಗೆ ಬರಬೇಕಾದವು ಹಿಂದೆಮುಂದೆ ಆಗುತ್ತವೆ. ಬೋರ್ಡಿನ ಮೇಲೆ ಕೆಲವು ಗೆರೆಗಳು ಕಾರಣವಿಲ್ಲದೆ ಹಾವಿನಂತೆ ಹೊರಳಿರುವುದನ್ನು ನೋಡಿರಬಹುದು. ಹತ್ತಿರದ ಗೆರೆಯನ್ನು ಬೇಕೆಂದೇ ಬಳಸಿ ಒಯ್ದು ದೂರದ್ದರ ಉದ್ದಕ್ಕೆ ಸರಿದೂಗಿಸಿರುವುದು ಅದು.

ರ‍್ಯಾಮ್ ಎರಡೇ ಸ್ಟಿಕ್ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ ಎಂದು ಕೈಪಿಡಿ ಹೇಳುವುದೂ ಇದೇ ಭೌತವಿಜ್ಞಾನದಿಂದ. ಬಹುತೇಕ ಬೋರ್ಡುಗಳಲ್ಲಿ ಗೆರೆ ಮೊದಲ ಸ್ಲಾಟನ್ನು ಮುಟ್ಟಿ ಎರಡನೆಯದರಲ್ಲಿ ಕೊನೆಯಾಗುತ್ತದೆ. ಸ್ಟಿಕ್ಕನ್ನು ಮೊದಲನೆಯದಕ್ಕೆ ಹಾಕಿದರೆ ಮುಂದಿನ ಖಾಲಿ ತುದಿಗೆ ಬಡಿದ ಸಂಕೇತ ಪ್ರತಿಧ್ವನಿಯಾಗಿ ಹಿಂದಿರುಗಿ ಮುಂದಿನ ಬಿಟ್ಟನ್ನು ಕಲಕುತ್ತದೆ. ನಾಲ್ಕೂ ಸ್ಲಾಟ್ ತುಂಬಿಸಿದರೆ ಗೆರೆಯ ಮೇಲೆ ಹೊರೆ ಹೆಚ್ಚು. ರೈಜನ್ 7000ಕ್ಕೆ ಎಎಂಡಿ ಕೊಡುವ ಭರವಸೆ ಎರಡು ಸ್ಟಿಕ್ಕಿನಲ್ಲಿ 5200 ಇದ್ದದ್ದು, ನಾಲ್ಕರಲ್ಲಿ 3600ಕ್ಕೆ ಇಳಿಯುತ್ತದೆ. ಆಟದ ಯಂತ್ರಕ್ಕೆ 16 ಗಿಗಾಬೈಟಿನ ಎರಡು ಸ್ಟಿಕ್ ಹಾಕುವುದೇ ಲೇಸು. 8ರ ನಾಲ್ಕು ಹಾಕಿ ಸ್ಲಾಟ್ ತುಂಬಿಸಿದರೆ ನೋಟಕ್ಕಷ್ಟೇ ಚೆಂದ. ಒಂದೇ ಸ್ಟಿಕ್ ಹಾಕಿದರಂತೂ ಎರಡು ಚಾನೆಲ್ಲುಗಳಲ್ಲಿ ಒಂದು ಖಾಲಿ ಉಳಿದು, ಸೆಕೆಂಡಿಗೆ 96 ಗಿಗಾಬೈಟ್ ಹರಿಯಬೇಕಾದಲ್ಲಿ 48 ಹರಿಯುತ್ತದೆ.

6000 ಎಂದು ಬರೆದ ರ‍್ಯಾಮ್ ಹಾಕಿದ ಕೂಡಲೇ ಆ ವೇಗದಲ್ಲಿ ಓಡುವುದೂ ಇಲ್ಲ. ಬೋರ್ಡು ಅದನ್ನು ಮೊದಲು 4800ರಂಥ ಸುರಕ್ಷಿತ ವೇಗದಲ್ಲಿ ಎಬ್ಬಿಸುತ್ತದೆ. ಬಯೋಸ್ ಒಳಗೆ ಹೋಗಿ ಎಎಂಡಿಯಲ್ಲಿ ಎಕ್ಸ್‌ಪೋ, ಇಂಟೆಲ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಬೇಕು. ಎಷ್ಟೋ ಜನ ವೇಗದ ರ‍್ಯಾಮಿಗೆ ದುಡ್ಡು ಕೊಟ್ಟು ವರ್ಷಗಟ್ಟಲೆ ನಿಧಾನದಲ್ಲೇ ಆಡುತ್ತಿರುತ್ತಾರೆ. ಎಎಂ5 ಬೋರ್ಡನ್ನು ಮೊದಲ ಬಾರಿ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿಯೂ ಬೇಡ. ಪ್ರತಿ ಗೆರೆಯ ವಿಳಂಬವನ್ನು ಅಳೆದು ತಾಳ ಕೂಡಿಸಿಕೊಳ್ಳುತ್ತಿರುತ್ತದೆ. ನಡುವೆ ಕರೆಂಟ್ ತೆಗೆಯದೆ ಕಾಯಬೇಕು.

ಹೊಸ ಪಿಸಿಐಇ ಯಾರಿಗೆ?

ಗ್ರಾಫಿಕ್ಸ್ ಕಾರ್ಡು ಕೂರುವ ಉದ್ದನೆ ಸ್ಲಾಟಿನಲ್ಲಿ ವೇಗ ಇನ್ನೂ ಹೆಚ್ಚು. ಆ ಸ್ಲಾಟಿನ ಸಂಪರ್ಕ ಮಾನಕವಾದ ಪಿಸಿಐಇಯ 5.0 ಆವೃತ್ತಿಯ ಒಂದೊಂದು ಹಾದಿಯಲ್ಲೂ ಸೆಕೆಂಡಿಗೆ 3200 ಕೋಟಿ ಬಿಟ್. ಅಲ್ಲಿ ಒಂದು ಬಿಟ್ಟಿಗೆ ಸಿಗುವ ಕಾಲದಲ್ಲಿ ಸಂಕೇತ ಐದು ಮಿಲಿಮೀಟರ್ ಕೂಡ ಸಾಗದು. ಇಷ್ಟು ವೇಗದ ಸಂಕೇತವನ್ನು ಸಾಧಾರಣ ನಾರುಗಾಜು ಹೀರಿಬಿಡುತ್ತದೆ. ಹೆಚ್ಚು ಪದರ, ಉತ್ತಮ ವಸ್ತು, ಕೆಲವೊಮ್ಮೆ ನಡುದಾರಿಯಲ್ಲಿ ಸಂಕೇತಕ್ಕೆ ಬಲ ತುಂಬುವ ಚಿಪ್ಪು ಬೇಕಾಗುತ್ತವೆ. ಬೆಲೆ ಏರುವುದರ ಒಂದು ದೊಡ್ಡ ಗುಟ್ಟು ಇಲ್ಲಿದೆ. 2019ರಲ್ಲಿ ಪಿಸಿಐಇ 4.0 ತಂದ ಎಎಂಡಿ, ಹಳೆಯ ಬೋರ್ಡುಗಳಲ್ಲಿ ಅದನ್ನು ಚಾಲೂ ಮಾಡಲು ಒಪ್ಪಲಿಲ್ಲ. ಪ್ರೊಸೆಸರ್ ಅದೇ ಇದ್ದರೂ ಹಳೆಯ ಹಲಗೆಯ ಗೆರೆಗಳು ಆ ವೇಗವನ್ನು ತಾಳುತ್ತವೆಂಬ ಖಾತರಿ ಇರಲಿಲ್ಲ.

ಆದರೆ ಆಟಕ್ಕೆ ಇದರಿಂದ ಎಷ್ಟು ಲಾಭ? 16 ಹಾದಿಗಳ ಪಿಸಿಐಇ 4.0 ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 32 ಗಿಗಾಬೈಟ್ ಒಯ್ಯುತ್ತದೆ, 5.0 ಅದರ ಎರಡರಷ್ಟು. ಆರ್‌ಟಿಎಕ್ಸ್ 4090 ಕಾರ್ಡು ತನ್ನದೇ ಮೆಮೊರಿಯ ಜೊತೆ ಮಾತಾಡುವುದು ಸೆಕೆಂಡಿಗೆ ಸಾವಿರ ಗಿಗಾಬೈಟ್ ವೇಗದಲ್ಲಿ. ಆಟದ ಚಿತ್ರಗಳೆಲ್ಲ ಒಮ್ಮೆ ಕಾರ್ಡಿನ ಮೆಮೊರಿ ಸೇರಿದ ಮೇಲೆ ಭಾರಿ ಕೆಲಸವೆಲ್ಲ ಅಲ್ಲೇ ನಡೆಯುತ್ತದೆ, ಸ್ಲಾಟಿನಲ್ಲಿ ಹಾಯುವುದು ಪ್ರೊಸೆಸರಿನ ಆಣತಿ ಮತ್ತು ಚಿಲ್ಲರೆ ಮಾಹಿತಿ. ಹಾಗಾಗಿ ಅಷ್ಟು ಬಲವಾದ ಕಾರ್ಡನ್ನೂ 3.0 ಸ್ಲಾಟಿಗೆ ಹಾಕಿದರೆ ಸಾಮಾನ್ಯವಾಗಿ ಕಳೆದುಕೊಳ್ಳುವುದು ಕೆಲವೇ ಶೇಕಡಾ. ಪೆಟ್ಟು ಬೀಳುವುದು ಬಡ ಕಾರ್ಡಿಗೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇದ್ದದ್ದು ನಾಲ್ಕೇ ಹಾದಿ, 4 ಗಿಗಾಬೈಟ್ ಮೆಮೊರಿ. ಮೆಮೊರಿ ತುಂಬಿ ಹೊರಗಿನಿಂದ ತರಿಸಿಕೊಳ್ಳಬೇಕಾದಾಗ ಹಳೆಯ 3.0 ಬೋರ್ಡಿನಲ್ಲಿ ಅದು ಕಣ್ಣಿಗೆ ಕಾಣುವಷ್ಟು ಎಡವಿತು. ಎಸ್‌ಎಸ್‌ಡಿಯ ಕತೆಯೂ ಬೇರೆಯಲ್ಲ. 4.0 ಎಸ್‌ಎಸ್‌ಡಿಗೆ ಸೆಕೆಂಡಿಗೆ 7 ಗಿಗಾಬೈಟ್ ಓದುವ ಶಕ್ತಿಯಿದ್ದರೆ 5.0ಗೆ 14. ಆಟ ತೆರೆದುಕೊಳ್ಳುವ ಹೊತ್ತಿನಲ್ಲಿ ಮಾತ್ರ ಆ ಅರ್ಧಕ್ಕರ್ಧ ವ್ಯತ್ಯಾಸ ಕಾಣುವುದಿಲ್ಲ, ಓದಿದ್ದನ್ನು ಬಿಡಿಸಿ ಜೋಡಿಸುವ ಕೆಲಸ ಪ್ರೊಸೆಸರಿನ ತಲೆಯ ಮೇಲಿರುತ್ತದೆ.

ಇಲ್ಲಿ ಎಚ್ಚರ ವಹಿಸಬೇಕಾದದ್ದು ಸಣ್ಣ ಅಕ್ಷರದ ಸಾಲುಗಳಲ್ಲಿ. ಪ್ರೊಸೆಸರಿನಿಂದ ಹೊರಡುವ ಹಾದಿಗಳ ಸಂಖ್ಯೆಗೆ ಮಿತಿಯಿದೆ. ಇಂಟೆಲ್‌ನ ಝಡ್790 ಚಿಪ್‌ಸೆಟ್ಟಿನ ಹಲವು ಬೋರ್ಡುಗಳಲ್ಲಿ 5.0 ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಸ್ಲಾಟಿನ 16 ಹಾದಿ ಎಂಟಕ್ಕೆ ಇಳಿಯುತ್ತದೆ. ಬೇರೆ ಕೆಲವದರಲ್ಲಿ ಒಂದು ಎಂ.2 ತುಂಬಿದರೆ ಎರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. ನಾಲ್ಕು ಎಂ.2 ಸ್ಲಾಟ್ ಇದೆ ಎಂಬ ಜಾಹೀರಾತಿಗಿಂತ ಯಾವುದು ಯಾವುದರ ಪಾಲು ತಿನ್ನುತ್ತದೆ ಎಂಬ ಕೈಪಿಡಿಯ ಕೋಷ್ಟಕ ಹೆಚ್ಚು ನಂಬಿಕೆಯದು.

ಚಿಪ್‌ಸೆಟ್ಟಿನ ಹೆಸರು, ಹಲಗೆಯ ಅಳತೆ

ಎ620, ಬಿ650, ಎಕ್ಸ್670 ಎಂಬವು ಚಿಪ್‌ಸೆಟ್ಟಿನ ಹೆಸರುಗಳು. ಯುಎಸ್‌ಬಿ, ಸಾಟಾ, ಹೆಚ್ಚುವರಿ ಎಂ.2ಗಳನ್ನು ಒಟ್ಟುಗೂಡಿಸಿ ಪ್ರೊಸೆಸರಿಗೆ ತಲುಪಿಸುವುದು ಅದರ ಕೆಲಸ. ಎಕ್ಸ್670ರಲ್ಲಿ ಇರುವುದು ಬಿ650ರ ಚಿಪ್ಪೇ, ಒಂದರ ಬದಲು ಎರಡು. ಪೋರ್ಟುಗಳು ಹೆಚ್ಚುತ್ತವೆ, ಆಟದ ವೇಗ ಹೆಚ್ಚುವುದಿಲ್ಲ. ಎಕ್ಸ್870ರಲ್ಲಿ ಯುಎಸ್‌ಬಿ4 ಕಡ್ಡಾಯ. ವಿಡಿಯೊ ಕೆಲಸದವರಿಗೆ ಅದು ಬೇಕಾದೀತು, ಬರೀ ಆಡುವವರಿಗೆ ಅಪರೂಪ. ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಮೇಲೆ ಓಡಿಸುವ ಓವರ್‌ಕ್ಲಾಕ್ ವಿಷಯದಲ್ಲಿ ಎರಡು ಕಂಪನಿಗಳ ನಡೆ ಬೇರೆಬೇರೆ. ಎಎಂಡಿ ಅದನ್ನು ಬಿ650, ಬಿ850ರಲ್ಲೇ ಬಿಟ್ಟುಕೊಡುತ್ತದೆ, ಎ620ರಲ್ಲಿ ತಡೆಯುತ್ತದೆ. ಇಂಟೆಲ್‌ನಲ್ಲಿ ಪ್ರೊಸೆಸರಿನ ವೇಗ ಏರಿಸಲು ಝಡ್ ಸರಣಿಯ ಬೋರ್ಡೇ ಬೇಕು.

ಅಳತೆಯ ವಿಷಯ ಚಿಕ್ಕದು. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ 305 × 244 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ಒಂದೇ ಗ್ರಾಫಿಕ್ಸ್ ಕಾರ್ಡು, ಒಂದೆರಡು ಎಸ್‌ಎಸ್‌ಡಿ ಹಾಕುವವರಿಗೆ ಮೈಕ್ರೊ ಎಟಿಎಕ್ಸ್ ಸಾಕು, ಬೆಲೆಯೂ ಕಡಿಮೆ. ಮಿನಿ ಐಟಿಎಕ್ಸ್ ಚಿಕ್ಕದಾದರೂ ದುಬಾರಿ. ಅಷ್ಟೇ ಕೆಲಸವನ್ನು ಕಿರಿದಾದ ಜಾಗದಲ್ಲಿ ಹೊಂದಿಸಲು ಪದರಗಳು ಹೆಚ್ಚಬೇಕಾಗುತ್ತವೆ.

ಬಯೋಸ್ ಎಂಬ ಆಡಳಿತ

ಹಲಗೆಯ ಜೊತೆ ಒಂದು ತಂತ್ರಾಂಶವನ್ನೂ ನಾವು ಕೊಳ್ಳುತ್ತೇವೆ. ಪ್ರೊಸೆಸರಿಗೆ ಎಷ್ಟು ವೋಲ್ಟ್, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವುದರಲ್ಲಿ ಅದರ ಪಾಲು ದೊಡ್ಡದು. 2023ರ ಏಪ್ರಿಲ್‌ನಲ್ಲಿ ಕೆಲವು ರೈಜನ್ 7000ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಸುಟ್ಟವು. ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡುಗಳು ಪ್ರೊಸೆಸರಿನಲ್ಲಿ ಮೆಮೊರಿ ನಿಯಂತ್ರಕ ಇರುವ ಎಸ್‌ಒಸಿ ಭಾಗಕ್ಕೆ ಹೆಚ್ಚು ವೋಲ್ಟೇಜ್ ಕೊಡುತ್ತಿದ್ದವು. ಎಎಂಡಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿ ಹೊಸ ಬಯೋಸ್ ಕೊಡಿಸಿತು. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಪ್ರೊಸೆಸರುಗಳು ಆಟದ ನಡುವೆ ಕುಸಿಯತೊಡಗಿದಾಗ ಕಂಪನಿ ಪಟ್ಟಿ ಮಾಡಿದ ಕಾರಣಗಳಲ್ಲಿ ತನ್ನದೇ ಮೈಕ್ರೋಕೋಡಿನ ದೋಷವೂ ಇತ್ತು, ಅದು ಸೂಚಿಸಿದ ಮಿತಿಯನ್ನು ಮೀರಿದ ಬೋರ್ಡುಗಳ ಸೆಟ್ಟಿಂಗೂ ಇತ್ತು. ಪರಿಹಾರ ಗ್ರಾಹಕರ ಕೈ ಸೇರಿದ್ದು ಬಯೋಸ್ ಅಪ್‌ಡೇಟ್ ರೂಪದಲ್ಲಿ.

ಆದ್ದರಿಂದ ಬೋರ್ಡಿಗೆ ಎರಡು-ಮೂರು ವರ್ಷವಾದ ಮೇಲೂ ಕಂಪನಿ ಬಯೋಸ್ ಕೊಡುತ್ತಿದೆಯೇ ಎಂಬುದು ಬಣ್ಣದ ದೀಪಗಳಿಗಿಂತ ಬೆಲೆಬಾಳುವ ಮಾಹಿತಿ. ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್ ಗುಂಡಿ ಇದ್ದರೆ ಇನ್ನೂ ಒಳ್ಳೆಯದು. ಪ್ರೊಸೆಸರ್ ಗುರುತು ಹಿಡಿಯದಷ್ಟು ಹಳೆಯ ಬಯೋಸ್ ಇದ್ದ ಬೋರ್ಡನ್ನೂ ಒಂದು ಪೆನ್‌ಡ್ರೈವ್‌ನಿಂದ ಎಬ್ಬಿಸಬಹುದು.

ಇನ್ನು ಬೋರ್ಡಿನ ಬಾಕ್ಸಿನ ಮೇಲೆ ಕಾಣುವ ಗೇಮಿಂಗ್ ನೆಟ್‌ವರ್ಕ್ ಎಂಬ ಹೆಸರಿಗೂ ಮರುಳಾಗಬೇಕಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಸಿಂಗಪುರದ ಸರ್ವರಿಗೆ ಹೋಗಿಬರಲು ನೇರ ದಾರಿಯಾದರೂ ಮೂವತ್ತಕ್ಕೂ ಹೆಚ್ಚು ಮಿಲಿಸೆಕೆಂಡ್ ಬೇಕು, ಮುಂಬಯಿಗಾದರೆ ಎಂಟೂವರೆಯಷ್ಟು. ವ್ಯಾಲೊರಂಟ್ ಎಂಬ ಆನ್‌ಲೈನ್ ಆಟ ಆಡುವವರಿಗೆ ಪಿಂಗ್, ಅಂದರೆ ಹೀಗೆ ಹೋಗಿಬರುವ ಸಮಯ, ತಗ್ಗಿದ್ದು ಮುಂಬಯಿಯಲ್ಲಿ ಸರ್ವರ್ ಬಂದದ್ದರಿಂದ. ಬೋರ್ಡಿನ ಚಿಪ್ಪು ಇದರಲ್ಲಿ ಕೂಡಿಕಳೆಯುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ.

ದುಡ್ಡು ಕೊಡುವ ಮುನ್ನ

ರೈಜನ್ 5 7600 ಅಥವಾ 7800ಎಕ್ಸ್3ಡಿ ಹಾಕಿ ಆಡುವವರಿಗೆ ಗೆರೆ ಎಲ್ಲಿದೆ ಎಂದು ಈಗ ಹೇಳಬಹುದು. ಮೈಕ್ರೊ ಎಟಿಎಕ್ಸ್ ಅಳತೆಯ ಬಿ650 ಅಥವಾ ಬಿ850 ಬೋರ್ಡು, ಹೀಟ್‌ಸಿಂಕ್ ಇರುವ ಆರೆಂಟು ಫೇಸಿನ ವಿಆರ್‌ಎಂ, 4.0 ವೇಗದ ಎರಡು ಎಂ.2, ಬಯೋಸ್ ಫ್ಲ್ಯಾಶ್ ಗುಂಡಿ, ಬೇಕಿದ್ದರೆ ವೈಫೈ. ಇಷ್ಟಿದ್ದರೆ ಆಟಕ್ಕೆ ಹಲಗೆಯಿಂದ ಆಗಬೇಕಾದದ್ದೆಲ್ಲ ಆಯಿತು. ಎ620ಗೆ ಇಳಿದರೆ ಪ್ರೊಸೆಸರ್ ಪಟ್ಟಿಯನ್ನೂ ವಿಆರ್‌ಎಂ ಅನ್ನೂ ಎರಡೆರಡು ಸಲ ನೋಡಬೇಕು. ನಾಳೆ ಹೆಚ್ಚು ಕೋರಿನ ಪ್ರೊಸೆಸರ್ ಹಾಕುವ ಯೋಚನೆ ಇದ್ದರೆ ವಿಆರ್‌ಎಂ ಮಾತ್ರ ಒಂದು ಮೆಟ್ಟಿಲು ಮೇಲಿನದನ್ನು ಆರಿಸಬಹುದು.

ಅಂಗಡಿಯಲ್ಲಿ ಇನ್ನೊಂದು ಕೆಲಸ ಮರೆಯಬಾರದು. ಎಎಂ5ರಲ್ಲೂ ಇಂಟೆಲ್‌ನಲ್ಲೂ ಪಿನ್ನುಗಳಿರುವುದು ಬೋರ್ಡಿನ ಮೇಲೆ. ಬಾಗಿದ ಪಿನ್ನಿಗೆ ವಾರಂಟಿ ಸಿಗುವುದು ಕಷ್ಟ. ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಫೋನಿನ ಬೆಳಕಿನಲ್ಲಿ ಸಾಕೆಟ್ ನೋಡಿ, ಒಂದು ಫೋಟೊ ತೆಗೆದುಕೊಂಡು ಆಮೇಲೆ ಬಿಲ್ ಮಾಡಿಸಿ. ಆ ಮುಚ್ಚಳವನ್ನು ಎಸೆಯಬೇಡಿ, ಬೋರ್ಡನ್ನು ಸರ್ವಿಸಿಗೆ ಕಳಿಸುವಾಗ ಕೇಳುತ್ತಾರೆ.

ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಬೋರ್ಡಿನಲ್ಲಿ ಉಳಿಸಿದ ಹದಿನೈದು-ಇಪ್ಪತ್ತು ಸಾವಿರ ಕಾರ್ಡನ್ನು ಒಂದು ದರ್ಜೆ ಮೇಲಕ್ಕೆ ಒಯ್ಯುತ್ತದೆ, ಆ ವ್ಯತ್ಯಾಸವನ್ನು ತೋರಿಸಲು ಯಾವ ಜಾಹೀರಾತೂ ಬೇಕಾಗುವುದಿಲ್ಲ.